ಸಕ್ಕರೆ ಡಬ್ಬಿಯಡಿಯ ಕ್ರೀಡಾಪುಟ

ಕಳೆದ ತಿಂಗಳು ನಾವು ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಫ್ಲ್ಯಾಟು ಬಿಟ್ಟು ಅಲ್ ಖೋರಿಗೆ ಬಂದೆವು. ಮನೆ ಬದಲಿಸುವಾಗ ಗಂಡಸರಿಗೆ ಸಿಗುವ ಕೆಲಸ ಎರಡೇ: ಭಾರ ಎತ್ತುವುದು ಮತ್ತು ಬೈಸಿಕೊಳ್ಳುವುದು. ಎರಡನ್ನೂ ಚೆನ್ನಾಗಿಯೇ ಮಾಡುತ್ತ ಅಡುಗೆಮನೆಯ ಕಪಾಟು ಖಾಲಿ ಮಾಡುತ್ತಿದ್ದೆ. ಸಕ್ಕರೆ ಡಬ್ಬಿ ಎತ್ತಿದಾಗ ಅದರಡಿ ಹಾಸಿದ್ದ ಪತ್ರಿಕೆಯ ಹಾಳೆ ಕಂಡಿತು. ಎಣ್ಣೆ, ಅರಸಿನ, ಆರು ವರ್ಷದ ಒಗ್ಗರಣೆ ಎಲ್ಲವನ್ನೂ ಹೀರಿ ಹಾಳೆ ಕಂದು ಬಣ್ಣಕ್ಕೆ ತಿರುಗಿತ್ತು. ಡಬ್ಬಿ ಕೂತಿದ್ದಷ್ಟು ಜಾಗ ಮಾತ್ರ ದುಂಡಗೆ ಬೆಳ್ಳಗೆ ಉಳಿದಿತ್ತು. ಆ ದುಂಡಿನೊಳಗಿನ ಇಂಗ್ಲಿಷ್ ಅಕ್ಷರಗಳನ್ನು ಓದಿ ನಾನು ಕಪಾಟಿನ ಎದುರೇ ನೆಲದ ಮೇಲೆ ಕೂತುಬಿಟ್ಟೆ. ಕೆಳಗೆ ಲಾರಿಯವನು "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದ.

ದುಂಡಿನೊಳಗೆ ಏನಿತ್ತು ಎಂದು ಹೇಳುವ ಮೊದಲು ನನ್ನದೊಂದು ಅಭ್ಯಾಸದ ಬಗ್ಗೆ ಹೇಳಬೇಕು. ಪೊಟ್ಟಣ ಕಟ್ಟಿದ ಕಾಗದವನ್ನು ಓದದೆ ಬಿಸಾಡಲು ನನ್ನಿಂದ ಆಗುವುದಿಲ್ಲ. ಮುಲ್ಕಿಯಲ್ಲಿ ನಮ್ಮ ಅಪ್ಪನಿಗೆ ಸಣ್ಣದೊಂದು ಜೀನಸಿನ ಅಂಗಡಿ ಇತ್ತು. ರದ್ದಿ ಪೇಪರು ಹರಿದು ಅಳತೆಗೆ ಸರಿಯಾಗಿ ಜೋಡಿಸಿಡುವುದು ನನ್ನ ಪಾಲಿನ ಕೆಲಸ. ಒಂದು ತುಂಡು ಹರಿಯಲು ಅರ್ಧ ನಿಮಿಷ, ಅದನ್ನು ಓದಲು ಐದು ನಿಮಿಷ. ಗಿರಾಕಿಗಳು ಕಾಲು ಸೇರು ಕಡಲೆಬೇಳೆಗೆ ಕಾಯುತ್ತ ನಿಂತಿರುತ್ತಿದ್ದರು. ನಾನು ಯಾವುದೋ ಊರಿನ ಕಳ್ಳ ಸಿಕ್ಕಿಬಿದ್ದನೋ ಇಲ್ಲವೋ ಎಂದು ಹರಿದ ಅಂಚಿನಲ್ಲಿ ಹುಡುಕುತ್ತಿದ್ದೆ. ಜಗತ್ತಿನ ಬಗ್ಗೆ ನನ್ನ ಜ್ಞಾನವೆಲ್ಲ ಹಾಗೆ ಬಂದದ್ದು, ಆದ್ದರಿಂದ ಅದರಲ್ಲಿ ಯಾವ ಸುದ್ದಿಗೂ ಕೊನೆ ಇಲ್ಲ. ಕ್ರೀಡಾಪುಟ ಮಾತ್ರ ನನಗೆ ಪೂರ್ತಿ ಸಿಗುತ್ತಿತ್ತು, ಯಾಕೆಂದರೆ ಬೆಲ್ಲ ಕಟ್ಟಲು ಇಡೀ ಹಾಳೆ ಬೇಕು. ಅದರಲ್ಲಿ ಇದ್ದದ್ದು ಕ್ರಿಕೆಟ್. ಹೀಗಾಗಿ ನಾನು ಬೆಲ್ಲದ ವಾಸನೆಯ ಕ್ರಿಕೆಟ್ ಪ್ರೇಮಿ.

ಮುಂದೆ ದೋಹಾದ ಒಂದು ಎಂಜಿನಿಯರಿಂಗ್ ಕಂಪೆನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆದೆ. ಅಲ್ಲಿಯೂ ಕಾಗದದ್ದೇ ಕೆಲಸ. ಆಫೀಸಿನಲ್ಲಿ ಹುಟ್ಟುವ ಪ್ರತಿ ಹಾಳೆಗೂ ನಂಬರು ಕೊಡಬೇಕು, ಅಡಿಯ ಪೆಟ್ಟಿಗೆಗಳಲ್ಲಿ ಬರೆದವರು, ಪರೀಕ್ಷಿಸಿದವರು, ಒಪ್ಪಿದವರು ಯಾರೆಂದು ಹೆಸರು ತುಂಬಬೇಕು, ಪ್ರತಿಯನ್ನು ಕ್ಲೈಂಟಿಗೆ ಕಳಿಸಬೇಕು. ಕ್ಲೈಂಟ್ ಕಡೆಯವರು ಅದಕ್ಕೆ ಎ, ಬಿ ಅಥವಾ ಸಿ ಎಂದು ಮೊಹರು ಹೊಡೆದು ವಾಪಸು ಕಳಿಸುತ್ತಾರೆ. ಎ ಎಂದರೆ ಪಾಸು. ಬಿ ಎಂದರೆ ಪಾಸು, ಆದರೆ ನಮ್ಮದೂ ಒಂದು ಮಾತುಂಟು. ಸಿ ಎಂದರೆ ಆ ದಿನ ಆಫೀಸಿನಲ್ಲಿ ಯಾರೂ ಜೋರಾಗಿ ನಗುವಂತಿಲ್ಲ.

ನನ್ನ ಬಾಸ್ ಅಮೆರಿಕದವರು, ಹೆಸರು ವಾಲ್ಟರ್. ಗಲ್ಫಿನ ಪದ್ಧತಿಯಂತೆ ಎಲ್ಲರಿಗೂ ಅವರು ಮಿಸ್ಟರ್ ವಾಲ್ಟರ್, ನಾನು ಮಿಸ್ಟರ್ ಸದಾ. ಐವತ್ತೈದು ದಾಟಿದ, ದೊಡ್ಡ ಮೈಯ, ಒಳ್ಳೆಯ ಮನುಷ್ಯ. ಅವರ ಊರು ಜೋಳದ ಹೊಲಗಳ ನಡುವಿನ ಸಣ್ಣ ಪೇಟೆ. ಅಲ್ಲಿಂದ ಅವರ ತಾಯಿ ಮನೆಯಲ್ಲೇ ಮಾಡಿದ ಸೇಬಿನ ಜಾಮನ್ನು ಗಾಜಿನ ಜಾಡಿಗಳಲ್ಲಿ ತುಂಬಿ, ಒಡೆಯದಂತೆ ಊರಿನ ಪತ್ರಿಕೆಯಲ್ಲಿ ಸುತ್ತಿ ಪಾರ್ಸೆಲ್ ಮಾಡುತ್ತಿದ್ದರು. ಮಿಸ್ಟರ್ ವಾಲ್ಟರಿಗೆ ಸಕ್ಕರೆ ಕಾಯಿಲೆ. ಅಮ್ಮನಿಗೆ ಅದನ್ನು ಹೇಳುವ ಧೈರ್ಯ ಇಲ್ಲ. ಜಾಡಿಗಳು ನಮಗೆ ಹಂಚಿಹೋಗುತ್ತಿದ್ದವು, ಸುತ್ತಿದ ಕಾಗದ ನನ್ನದಾಗುತ್ತಿತ್ತು. ಹೀಗೆ ನಾನು ಕಾಣದ ಆ ಪೇಟೆಯ ಕ್ರೀಡಾಪುಟವನ್ನು ವರ್ಷಗಟ್ಟಲೆ ಓದಿದ್ದೇನೆ. ಬೇಸ್‌ಬಾಲ್ ಅಂಕಿಗಳು ಪಂಚಾಂಗದ ಹಾಗೆ ಮೇಲಿಂದ ಕೆಳಗೆ ತುಂಬಿರುತ್ತಿದ್ದವು. ದೊಡ್ಡ ಮೀನು ಹಿಡಿದವರ ಫೋಟೋ ಇರುತ್ತಿತ್ತು. ನಾವು ಫುಟ್‌ಬಾಲ್ ಅನ್ನುವ, ಅವರು ಸಾಕರ್ ಅನ್ನುವ ಆಟ ಮಾತ್ರ ಹುಲ್ಲು ಕತ್ತರಿಸುವ ಯಂತ್ರದ ಜಾಹೀರಾತಿನ ನೆರಳಿನಲ್ಲಿ ಅಪರೂಪಕ್ಕೆ ಇಣುಕುತ್ತಿತ್ತು.

"ಅದು ನಮ್ಮಲ್ಲಿ ಮಕ್ಕಳ ಆಟ" ಎಂದು ಮಿಸ್ಟರ್ ವಾಲ್ಟರ್ ಒಮ್ಮೆ ವಿವರಿಸಿದ್ದರು. "ಶನಿವಾರ ಬೆಳಿಗ್ಗೆ ಮಕ್ಕಳು ಓಡುತ್ತಾರೆ, ತಾಯಂದಿರು ಕಿತ್ತಳೆ ಹಣ್ಣು ಹೆಚ್ಚಿ ತರುತ್ತಾರೆ. ಹನ್ನೆರಡು ವರ್ಷ ಆದ ಮೇಲೆ ಬಿಟ್ಟುಬಿಡುತ್ತಾರೆ. ಒಂದೂವರೆ ಗಂಟೆ ಆಡಿ ಸೊನ್ನೆಗೆ ಸೊನ್ನೆ ಎಂದು ಕೈಕುಲುಕುವ ಆಟವನ್ನು ದೊಡ್ಡವರು ಯಾಕೆ ನೋಡಬೇಕು?" ಅವರ ತಮ್ಮ ಕಳಿಸುತ್ತಿದ್ದ ಬೇಸ್‌ಬಾಲ್ ಕ್ಯಾಸೆಟ್ಟಿನ ಕೊನೆಗೆ ಒಂದು ಟೀವಿ ಹರಟೆ ರೆಕಾರ್ಡ್ ಆಗಿತ್ತು. ಅದರಲ್ಲಿ ಕೋಟು ಹಾಕಿದ ಇಬ್ಬರು ಸಾಕರ್ ತುಣುಕು ತೋರಿಸುವಾಗ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದಂತೆ ನಟಿಸಿದ್ದರು. ಅದನ್ನು ನೋಡಿ ನಾನೂ ನಕ್ಕಿದ್ದೆ. ಐದು ದಿನ ಆಡಿ ಡ್ರಾ ಆಗುವ ಆಟಕ್ಕೆ ಮನಸೋತವನು ಹಾಗೆ ನಗಬಾರದು ಎಂದು ಆಗ ಹೊಳೆಯಲಿಲ್ಲ.

ಕೊರಿಯಾ, ಜಪಾನುಗಳಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ವರ್ಷ. ಆ ದೇಶಗಳ ಸಂಜೆ ನಮಗೆ ಮಧ್ಯಾಹ್ನ, ಆದ್ದರಿಂದ ಆಟವೆಲ್ಲ ಆಫೀಸಿನ ಹೊತ್ತಿಗೇ. ಒಂದು ದಿನ ಮಿಸ್ಟರ್ ವಾಲ್ಟರ್ ನನ್ನ ಮೇಜಿನ ಹತ್ತಿರ ಬಂದು ಮೆಲ್ಲನೆ ಕೇಳಿದರು: "ಸದಾ, ನನಗೆ ಏನಾಗಿದೆ? ಗೇಟಿನ ಸುಡಾನಿ ಮಬ್ರೂಕ್ ಎಂದು ಅಭಿನಂದಿಸಿದ. ಈಜಿಪ್ಟಿನ ಎಂಜಿನಿಯರು ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಎಚ್‌ಆರ್‌ಗೆ ಹೋಗಿ ಕೇಳಿದೆ, ನನಗೆ ಪ್ರಮೋಷನ್ ಏನೂ ಬಂದಿಲ್ಲವಂತೆ."

ಆದದ್ದು ಇಷ್ಟೇ. ಅವರ ದೇಶದ ತಂಡ ಪೋರ್ಚುಗಲ್ಲನ್ನು ಸೋಲಿಸಿತ್ತು. ಇಡೀ ದೋಹಾಕ್ಕೆ ಅದು ಗೊತ್ತಿತ್ತು, ಆ ಆಫೀಸಿನ ಒಬ್ಬರೇ ಅಮೆರಿಕನ್ನರಿಗೆ ಗೊತ್ತಿರಲಿಲ್ಲ. ಕ್ಲೈಂಟ್ ಕಡೆಯ ಎಂಜಿನಿಯರ್ ಖಾಲಿದ್ ಅವರಂತೂ ಫೋನು ಮಾಡಿ, ಮೊದಲ ಗೋಲಿನ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದ್ದರಂತೆ. ನಮ್ಮ ಡ್ರಾಯಿಂಗುಗಳೆಲ್ಲ ಆಗ ಖಾಲಿದ್ ಅವರ ಮೇಜಿನ ಮೇಲಿದ್ದವು. "ನೀನು ಇಂಡಿಯನ್, ನಿನಗೆ ಈ ಆಟ ಗೊತ್ತಿರುತ್ತದೆ. ಪ್ರತಿ ಪಂದ್ಯಕ್ಕೆ ಒಂದು ಪುಟದ ನೋಟ್ ಬರೆದುಕೊಡು, ಮಾತಾಡಲು ನನಗೆ ಏನಾದರೂ ಬೇಕು" ಎಂದರು ಮಿಸ್ಟರ್ ವಾಲ್ಟರ್.

ಗಲ್ಫಿಗೆ ಬಂದ ನಮ್ಮವರಿಗೆ ಒಂದು ವಾಕ್ಯ ಬಾಯಿಗೇ ಬರುವುದಿಲ್ಲ. "ನನಗೆ ಗೊತ್ತಿಲ್ಲ" ಎಂಬುದು ಆ ವಾಕ್ಯ. ನಾನು "ಯೆಸ್ ಸರ್" ಎಂದೆ.

ಮಧ್ಯಾಹ್ನ ಮನೆಗೆ ಊಟಕ್ಕೆ ಬಂದವನು ತಟ್ಟೆಯ ಪಕ್ಕ ಕಾಗದ ಇಟ್ಟುಕೊಂಡು ಬರೆಯಲು ಕೂತೆ. "ಅಮೆರಿಕದ ಆಟಗಾರರು ಕಷ್ಟಪಟ್ಟು ಆಡಿ ಜಯ ಗಳಿಸಿದರು" ಎಂದು ಬರೆದೆ. ಎರಡನೇ ವಾಕ್ಯ ಬರಲಿಲ್ಲ. ಹೆಂಡತಿ ಶಶಿಕಲಾ ಸಾರು ಬಡಿಸುತ್ತ ಬಗ್ಗಿ ಓದಿದಳು.

"ಇದು ಎಂತ, ಏಳನೇ ಕ್ಲಾಸಿನ ಪ್ರಬಂಧವಾ?" ಎಂದಳು. "ಅವರು ಗೆದ್ದದ್ದು ಎಡಗಡೆ ಬಲಗಡೆಯಿಂದ ಓಡಿ ಓಡಿ. ಪೋರ್ಚುಗಲ್‌ನವರು ಚಂದ ಆಡುವವರು ಮಾರಾಯ್ರೆ. ಚಂದ ಆಡುವವರನ್ನು ಓಡಿಸಿದರೆ ಅವರಿಗೆ ಸಿಟ್ಟು ಬರ್ತದೆ, ಸಿಟ್ಟು ಬಂದರೆ ಹಿಂದೆ ಜಾಗ ಬಿಡ್ತಾರೆ."

"ನಿನಗೆ ಹೇಗೆ ಗೊತ್ತು?"

"ಮೇಲಿನ ಮಹಡಿಯ ಕೇರಳದ ಸಾರಮ್ಮ ಚೇಚಿಯ ಮನೆಯ ಟೀವಿಯಲ್ಲಿ ನೋಡಿದೆ. ಒಂದು ಮ್ಯಾಚೂ ಬಿಡ್ಲಿಲ್ಲ ನಾವು."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಶಶಿಕಲಾ ಮಂಗಳೂರಿನ ಬೆಂಗ್ರೆಯವಳು ಎಂದು ನನಗೆ ಗೊತ್ತಿತ್ತು. ಬೆಂಗ್ರೆ ಎಂದರೆ ಒಂದು ಬದಿ ಹೊಳೆ, ಒಂದು ಬದಿ ಕಡಲು, ನಡುವೆ ಮರಳಿನ ಹೊಯ್ಗೆ, ಹೊಯ್ಗೆಯ ಮೇಲೆ ಸಂಜೆಯಾದರೆ ಫುಟ್‌ಬಾಲ್ ಎಂದೂ ಗೊತ್ತಿತ್ತು. ಆ ಹೊಯ್ಗೆಯಲ್ಲಿ ದೋಣಿಯ ಹುಟ್ಟುಗಳನ್ನು ನೆಟ್ಟು ಮಾಡಿದ ಗೋಲಿನ ನಡುವೆ ಇವಳು ನಿಂತಿದ್ದಳೆಂದು ಮಾತ್ರ ಗೊತ್ತಿರಲಿಲ್ಲ. ಕೇಳಿದವನಾದರೂ ಯಾರು? ಚಿಕ್ಕವಳೆಂದು ಅಣ್ಣಂದಿರು ಗೋಲಿಗೆ ನಿಲ್ಲಿಸಿದ್ದರಂತೆ. ನಿಂತವಳು ಚೆಂಡು ಎಲ್ಲಿಂದ ಬರುತ್ತದೆಂದು ಅವರಿಗಿಂತ ಮೊದಲು ಹೇಳತೊಡಗಿದಳಂತೆ. ಏಳನೇ ಕ್ಲಾಸು ಮುಗಿದ ರಜೆಯಲ್ಲಿ ಅಜ್ಜಿ "ಇನ್ನು ಸಾಕು" ಎಂದರು, ಅಲ್ಲಿಗೆ ಖಲಾಸ್. ಅವಳ ತವರಿನ ಚಾವಡಿಯಲ್ಲಿ ಅಣ್ಣಂದಿರ ತಂಡ ಕಪ್ ಹಿಡಿದ ಪತ್ರಿಕೆಯ ಫೋಟೋ ಚೌಕಟ್ಟಿನಲ್ಲಿದೆ, ನಾನೂ ನೋಡಿದ್ದೆ. ಅಂಗಿಗಳ ಮೇಲಿನ ನಂಬರು ಹೊಲಿದವಳು ತಾನು ಎಂದು ಅವಳು ಆ ದಿನ ಸಾರಿನ ಸೌಟು ಹಿಡಿದುಕೊಂಡೇ ಹೇಳಿದಳು.

ಅವಳು ಹೇಳಿದಳು, ನಾನು ಬರೆದೆ. ಆಫೀಸಿಗೆ ಹೋಗಿ ಟೈಪ್ ಮಾಡಿದೆ. ಅಡಿಯಲ್ಲಿ ಪೆಟ್ಟಿಗೆಗಳು ಬಂದವು. ಬರೆದವರು ಎಂಬಲ್ಲಿ ಕೈ ತನ್ನಷ್ಟಕ್ಕೆ "ಸದಾಶಿವ" ಎಂದು ಹೊಡೆಯಿತು. ಕೈಯ ಮೇಲೆ ತಪ್ಪು ಹೊರಿಸುವುದು ಸುಲಭ. ನಿಜವಾಗಿ ಆ ಹೊತ್ತು ನನಗೆ ಹೆಂಡತಿಯ ಹೆಸರು ನೆನಪಿಗೇ ಬರಲಿಲ್ಲ, ಅಷ್ಟು ಸಹಜವಾಗಿ ಅದು ನನ್ನದಾಗಿತ್ತು.

ಹೀಗೆ ನಾಲ್ಕು ನೋಟ್ ಆದವು. ಮಿಸ್ಟರ್ ವಾಲ್ಟರ್ ಅವನ್ನು ಬಾಯಿಪಾಠ ಮಾಡಿ ಫೋನಿನಲ್ಲಿ ಒಪ್ಪಿಸುತ್ತಿದ್ದರು. ನಾಲ್ಕನೆಯದರಲ್ಲಿ ನನ್ನ ವೃತ್ತಿಯವರು ಮಾತ್ರ ಮಾಡಬಹುದಾದ ಒಂದು ತಪ್ಪು ನಡೆಯಿತು. ಅಭ್ಯಾಸಬಲದಿಂದ ಅದಕ್ಕೂ ನಂಬರು ಕೊಟ್ಟೆ, ರೆವಿಷನ್ ಸೊನ್ನೆ, ಅಂದರೆ ಇನ್ನೂ ತಿದ್ದದ ಮೊದಲ ಪ್ರತಿ, ಎಂದು ಬರೆದೆ, ಪೈಪಿನ ಡ್ರಾಯಿಂಗುಗಳ ಜೊತೆ ಸೇರಿಸಿ ಕ್ಲೈಂಟಿಗೆ ಕಳಿಸಿಬಿಟ್ಟೆ. ಎರಡು ದಿನದ ಮೇಲೆ ಅದು ಎಂಜಿನಿಯರ್ ಖಾಲಿದ್ ಅವರ ಮೊಹರು ಹೊತ್ತು ವಾಪಸು ಬಂತು: ಕೋಡ್ ಬಿ. ಕೆಳಗೆ ಹಸಿರು ಶಾಯಿಯಲ್ಲಿ ಒಂದು ಮಾತು: "ಆಟವನ್ನು ಹೀಗೆ ನೋಡುವವರು ದೋಹಾದಲ್ಲಿ ಕಡಿಮೆ. ಜರ್ಮನಿ ಜೊತೆಗಿನ ಪಂದ್ಯವನ್ನು ಮಿಸ್ಟರ್ ಸದಾಶಿವರ ಪಕ್ಕದಲ್ಲಿ ಕೂತು ನೋಡಬೇಕು." ಮಿಸ್ಟರ್ ವಾಲ್ಟರ್ ಖುಷಿಯಿಂದ ಶುಕ್ರವಾರಕ್ಕೆ ತಮ್ಮ ಅಲ್ ಅಜೀಜಿಯಾದ ವಿಲ್ಲಾದಲ್ಲೇ ಏರ್ಪಾಡು ಮಾಡಿದರು.

ಆ ಹಾಳೆಯನ್ನು ಜಂಬದಿಂದ ಮನೆಗೆ ತಂದೆ. ಶಶಿಕಲಾ ಒದ್ದೆ ಕೈ ಒರೆಸಿಕೊಂಡು ಎರಡು ಸಲ ಓದಿದಳು. ಆಮೇಲೆ ಪೆಟ್ಟಿಗೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ನಿಮ್ಮ ಹೆಸರು ಉಂಟಲ್ಲ."

"ಅದು ಆಫೀಸಿನ ಫಾರ್ಮ್ಯಾಟು ಶಶಿ. ಹಾಗೇ ಹಾಕುವುದು."

"ಹ್ಞೂಂ" ಎಂದಳು. ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟು, "ಶುಕ್ರವಾರ ನಾನೂ ಬರ್ತೇನೆ. ಗೋಳಿಬಜೆ ಹಿಡ್ಕೊಂಡು ಬರ್ತೇನೆ. ಮಾತಾಡುವುದು ನೀವೇ ಮಾತಾಡಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಟ್ಟು ನನಗೆ ಅಭ್ಯಾಸವಿದೆ.

ಶುಕ್ರವಾರದ ನಮಾಜು ಮುಗಿಸಿ ಎಂಜಿನಿಯರ್ ಖಾಲಿದ್ ಬಂದರು. ತೋಬು ಎಂಬ ಬಿಳಿ ನಿಲುವಂಗಿಯಲ್ಲಿ ಎತ್ತರದ ಆಳು, ಶಶಿಕಲಾಳಿಗೆ ಎದೆಯ ಮೇಲೆ ಕೈಯಿಟ್ಟು ವಂದಿಸಿ, ನೇರವಾಗಿ ನನ್ನ ಪಕ್ಕಕ್ಕೇ ಬಂದು ಕೂತರು. ಮಿಸ್ಟರ್ ವಾಲ್ಟರರ ಹೆಂಡತಿ ಬೇಸಿಗೆಗೆ ಊರಿಗೆ ಹೋಗಿದ್ದರು, ಆದ್ದರಿಂದ ಮನೆಯಲ್ಲಿ ನಾವು ನಾಲ್ವರೇ. ಶಶಿಕಲಾ ಹಿಂದಿನ ಊಟದ ಮೇಜಿನ ಕುರ್ಚಿಯಲ್ಲಿ ಕೂತಳು.

"ಮಿಸ್ಟರ್ ಸದಾ, ಇವರು ಎಡಗಡೆಯಿಂದ ಯಾಕೆ ಬರುತ್ತಿಲ್ಲ?" ಎಂದು ಖಾಲಿದ್ ಕೇಳಿದರು.

"ಇನ್ಶಾ ಅಲ್ಲಾ ಬರುತ್ತಾರೆ" ಎಂದೆ.

ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಗೆರೆಯ ಹತ್ತಿರದವನು ಬಾವುಟ ಎತ್ತಿದ. ನಾನು ಅಪ್ಪಟ ಅನ್ಯಾಯ ಎಂದು ತೊಡೆ ತಟ್ಟಿಕೊಂಡೆ. ಅನ್ಯಾಯ ಯಾರಿಗೆ ಆಯಿತೆಂದು ನನಗೇ ತಿಳಿದಿರಲಿಲ್ಲ. ಖಾಲಿದ್ ನನ್ನನ್ನು ವಿಚಿತ್ರವಾಗಿ ನೋಡಿದರು. ಜರ್ಮನಿ ಒಂದು ಗೋಲು ಹೊಡೆಯಿತು. ಮಾತಾಡುವುದು ತಪ್ಪಲೆಂದು ನಾನು ಇನ್ನೊಂದು ಗೋಳಿಬಜೆ ಬಾಯಿಗೆ ಹಾಕಿಕೊಂಡೆ.

ಎರಡನೇ ಅರ್ಧದಲ್ಲಿ ಅಮೆರಿಕದವರು ಕಾರ್ನರ್ ಹೊಡೆದರು. ಚೆಂಡು ಗೋಲಿನತ್ತ ಹೋದದ್ದು, ಗೆರೆಯ ಮೇಲೆ ಏನೋ ಗಜಿಬಿಜಿಯಾಗಿ ವಾಪಸು ಬಂದದ್ದು ಕಂಡಿತು. ಅಷ್ಟರಲ್ಲಿ ಹಿಂದಿನ ಕುರ್ಚಿ ದಡಕ್ಕನೆ ಬಿತ್ತು. ಶಶಿಕಲಾ ಎದ್ದು ನಿಂತಿದ್ದಳು. ಮೊದಲು ತುಳುವಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, "ಕೈ ತಾಗಿತು, ಹ್ಯಾಂಡ್, ಹ್ಯಾಂಡ್" ಎನ್ನುತ್ತಿದ್ದಳು. ರೆಫರಿ ಕೊಡಲಿಲ್ಲ. ಟೀವಿಯವರು ನಿಧಾನವಾಗಿ ಮತ್ತೆ ತೋರಿಸಿದರು. ಚೆಂಡು ಜರ್ಮನಿಯವನ ಕೈಗೆ ತಾಗಿದ್ದು ಸ್ಪಷ್ಟವಾಗಿ ಕಂಡಿತು.

ಖಾಲಿದ್ ಟೀವಿ ಬಿಟ್ಟು ಅವಳನ್ನು ನೋಡಿದರು. ಅವಳನ್ನು ಬಿಟ್ಟು ನನ್ನನ್ನು ನೋಡಿದರು. "ನಾನೇ ಇವಳಿಗೆ ಕಲಿಸಿದ್ದು" ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಶಶಿಕಲಾ ಬಗ್ಗಿ ಕುರ್ಚಿ ಎತ್ತಿ ನಿಲ್ಲಿಸುತ್ತಿದ್ದಳು. ಯಾರದೋ ಮನೆಯಲ್ಲಿ ಸದ್ದು ಮಾಡಿದೆನಲ್ಲ ಎಂದು ಅವಳ ಮುಖ ಸಣ್ಣದಾಗಿತ್ತು. ಅದನ್ನು ನೋಡಿ ನನಗೆ ನನ್ನ ಮೇಲೆ ನಾಚಿಕೆಯಾಯಿತು.

"ನೋಟ್ ಬರೆದದ್ದು ಇವಳು" ಎಂದೆ. "ನಾಲ್ಕೂ ಇವಳದೇ. ನಾನು ಟೈಪ್ ಮಾಡಿದ್ದು ಮಾತ್ರ. ನನಗೆ ಈ ಆಟ ಗೊತ್ತಿಲ್ಲ ಸರ್."

ಮಿಸ್ಟರ್ ವಾಲ್ಟರ್ ನನ್ನತ್ತ ಬಾಗಿ, "ನಿನಗೂ ಇಲ್ಲವೇ?" ಎಂದು ಪಿಸುಗುಟ್ಟಿದರು. ಅವರ ದನಿಯಲ್ಲಿ ಕೋಪಕ್ಕಿಂತ ಸಮಾಧಾನವೇ ಹೆಚ್ಚಿತ್ತು. ಖಾಲಿದ್ ಎದ್ದು ತಮ್ಮ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟರು. "ಸಿಸ್ಟರ್, ನೀವು ಇಲ್ಲಿ ಬನ್ನಿ. ಮಿಸ್ಟರ್ ಸದಾ, ನೀವು ಹಿಂದೆ."

ಪಂದ್ಯ ಮುಗಿದಾಗ ಅಮೆರಿಕ ಸೋತಿತ್ತು. ಆಮೇಲಿನ ಅರ್ಧ ಗಂಟೆ ಶಶಿಕಲಾ ಮಿಸ್ಟರ್ ವಾಲ್ಟರಿಗೆ ಆಫ್‌ಸೈಡ್ ಕಲಿಸಿದಳು. ಚಟ್ನಿಯ ಬಟ್ಟಲು ಗೋಲು. ಗೋಳಿಬಜೆಗಳು ಆಟಗಾರರು. "ಇವನು ನಿಮ್ಮವನು. ಚೆಂಡು ಒದೆಯುವ ಹೊತ್ತಿಗೆ ಇವನು ಈ ಕೊನೆಯ ಕಾವಲಿನವನನ್ನು ದಾಟಿ ಚಟ್ನಿಯ ಹತ್ತಿರ ಹೋಗಿ ನಿಂತಿರಬಾರದು" ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದಳು. ಮಿಸ್ಟರ್ ವಾಲ್ಟರ್ ಎರಡು ಸಲ ಬಜೆ ಸರಿಸಿ ನೋಡಿದರು. "ಅಂದರೆ ಬಡಿಸುವ ಮೊದಲೇ ಪಂಕ್ತಿಯಲ್ಲಿ ಕೂತುಬಿಡಬಾರದು" ಎಂದರು. ಆಮೇಲೆ ಎದುರಾಳಿ ತಂಡದ ಮೂವರನ್ನು ತಿಂದುಬಿಟ್ಟರು.

ಮನೆಗೆ ಬರುವ ಟ್ಯಾಕ್ಸಿಯಲ್ಲಿ ನಾನು "ತಪ್ಪಾಯ್ತು" ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತ, "ಬಜೆಗೆ ಉಪ್ಪು ಸ್ವಲ್ಪ ಕಮ್ಮಿ ಆಯ್ತಾ ಅಂತ" ಎಂದಳು.

ಕೆಲವು ವಾರಗಳ ನಂತರ ಅಮೆರಿಕದಿಂದ ಅಮ್ಮನ ಪಾರ್ಸೆಲ್ ಬಂದಾಗ ಮಿಸ್ಟರ್ ವಾಲ್ಟರ್ ಮೊದಲ ಬಾರಿಗೆ ಜಾಡಿ ಬಿಟ್ಟು ಕಾಗದ ಬಿಚ್ಚಿದರು. ಆ ಪಂದ್ಯದ ಮರುದಿನದ ಪುಟ ಅದರಲ್ಲಿತ್ತು. ಊರಿನ ಬೌಲಿಂಗ್ ಸ್ಪರ್ಧೆಗೆ ಕಾಲು ಪುಟ, ಗೆದ್ದವರು ಸೋತವರು ಎಲ್ಲರ ಹೆಸರು. ಅದರ ಕೆಳಗೆ, ಹುಲ್ಲಿನ ಯಂತ್ರದ ಜಾಹೀರಾತಿನ ಪಕ್ಕ, ವಿಶ್ವಕಪ್ಪಿನಲ್ಲಿ ದೇಶ ಸೋತ ಸುದ್ದಿ ನಾಲ್ಕು ಸಾಲು. ಕೈ ತಾಗಿದ ವಿಷಯವೇ ಇಲ್ಲ. ಅವರ ಮುಖ ಕೆಂಪಾಯಿತು. ಎರಡು ತಿಂಗಳ ಹಿಂದೆ ಆ ನಾಲ್ಕು ಸಾಲೂ ದಂಡ ಎನ್ನುತ್ತಿದ್ದ ಮನುಷ್ಯ ಆ ದಿನವೇ ಸಂಪಾದಕರಿಗೆ ಎರಡು ಪುಟದ ಪತ್ರ ಬರೆದು, ನನ್ನಿಂದಲೇ ಟೈಪ್ ಮಾಡಿಸಿ ಅಂಚೆಗೆ ಹಾಕಿಸಿದರು. ಉತ್ತರ ಬರಲಿಲ್ಲ. ಬೇಸ್‌ಬಾಲ್ ಕ್ಯಾಸೆಟ್ಟುಗಳು ಮತ್ತೆ ಬಂದವು. ನಾವಿಬ್ಬರೂ ಆ ಪತ್ರವನ್ನು ಮರೆತೆವು.

ಚಳಿಗಾಲದಲ್ಲಿ ನನ್ನ ಪಾಲಿನ ಜಾಮಿನ ಜಾಡಿ ಬಿಚ್ಚಿ, ಎಂದಿನಂತೆ ಕಾಗದವನ್ನು ಮೇಜಿನ ಮೇಲೆ ಸವರಿ ಸಮ ಮಾಡಿ ಓದುತ್ತಿದ್ದೆ. ಬೇಸಿಗೆಯ ಹಳೆಯ ಕ್ರೀಡಾಪುಟ. ಮೀನು ಹಿಡಿದವನೊಬ್ಬನ ಫೋಟೋದ ಪಕ್ಕದ ಮೂಲೆಯಲ್ಲಿ ಮಿಸ್ಟರ್ ವಾಲ್ಟರರ ಪತ್ರ ಇತ್ತು. ಮಗನ ಹೆಸರು ಅಚ್ಚಾದದ್ದನ್ನು ನೋಡದೆ ಅವರ ತಾಯಿ ಅದರಲ್ಲೇ ಜಾಡಿ ಸುತ್ತಿದ್ದರು. ಎರಡು ಪುಟವನ್ನು ಪತ್ರಿಕೆಯವರು ಕತ್ತರಿಸಿ ಉಳಿಸಿದ್ದು ಇಷ್ಟು: "ನಾನಿರುವ ದೋಹಾದಲ್ಲಿ ಇಂಡಿಯಾದ ಬೆಂಗ್ರೆಯ ಶ್ರೀಮತಿ ಶಶಿಕಲಾ ಈ ಆಟವನ್ನು ನನಗೆ ಕಲಿಸಿದರು. ಅವರು ಗೋಲ್‌ಕೀಪರ್. ಮುಂದಿನ ಸಲ ನಮ್ಮ ತಂಡ ಆಡಿದಾಗ ದಯವಿಟ್ಟು ನಾಲ್ಕು ಸಾಲಿಗಿಂತ ಹೆಚ್ಚು ಬರೆಯಿರಿ." ಎಣಿಸಿ ನೋಡಿದೆ, ಅದೂ ನಾಲ್ಕೇ ಸಾಲಾಗಿತ್ತು.

ಮಿಸ್ಟರ್ ವಾಲ್ಟರಿಗೆ ಜೆರಾಕ್ಸ್ ಕೊಟ್ಟು ಮೂಲವನ್ನು ಮನೆಗೆ ತಂದೆ. ಶಶಿಕಲಾ ನಿಂತಲ್ಲೇ ಓದಿದಳು. "ಚಾ ಮಾಡ್ಲಾ?" ಎಂದಳು, ಅಷ್ಟೇ. ನಾನು ಮರುದಿನವೇ ಚೌಕಟ್ಟು ಕೊಂಡು ತಂದೆ. ಹಾಳೆ ಸಿಗಲಿಲ್ಲ. ಕೇಳಿದರೆ "ಎಲ್ಲಿ ಹೋಯ್ತೋ" ಎಂದಳು. ಅವಳಿಗೆ ಇನ್ನೂ ಸಿಟ್ಟಿದೆ, ಎಸೆದಿದ್ದಾಳೆ ಎಂದುಕೊಂಡೆ. ಖಾಲಿ ಚೌಕಟ್ಟಿಗೆ ಕೊನೆಗೆ ಒಂದು ಕ್ಯಾಲೆಂಡರಿನ ಚಿತ್ರ ಹಾಕಿದೆವು. ಆರು ವರ್ಷ ನಾನು ಹಾಗೆಯೇ ನಂಬಿದ್ದೆ, ಆ ಕಪಾಟಿನ ಸಕ್ಕರೆಯನ್ನೇ ದಿನಾ ತಿಂದುಕೊಂಡು.

ಮನೆ ಬದಲಿಸಿದ ದಿನ ಹಾಳೆ ಕೈಯಲ್ಲಿ ಹಿಡಿದು ಕೂತವನನ್ನು ಅವಳು ಬಂದು ನೋಡಿದಳು. ಸಿಕ್ಕಿಬಿದ್ದವಳ ಹಾಗೆ ನಕ್ಕಳು.

"ಫ್ರೇಮಿನೊಳಗೆ ಹಾಕಿದರೆ ಧೂಳು ಒರೆಸುವಾಗ ಮಾತ್ರ ನೋಡುವುದು. ಇಲ್ಲಿ ಆದರೆ ಚಾಕ್ಕೆ ಸಕ್ಕರೆ ತೆಗೆಯುವಾಗ ದಿನಕ್ಕೆ ಮೂರು ಸಲ ಆಗ್ತದೆ. ಕೊಡಿ ಇಲ್ಲಿ, ಹರೀತದೆ."

ಅಲ್ ಖೋರಿನ ಮನೆಯಲ್ಲಿ ಹಾಲುಕ್ಕಿಸಿದ ಮೇಲೆ ಅವಳು ಮೊದಲು ಮಾಡಿದ ಕೆಲಸ ಆ ಹಾಳೆಯನ್ನು ಹೊಸ ಕಪಾಟಿನಲ್ಲಿ ಹಾಸಿದ್ದು. ಡಬ್ಬಿ ಇಡುವ ಮೊದಲು ನಾನು ಒಂದು ನಿಮಿಷ ಎಂದು ತಡೆದು, ಜೇಬಿನ ಪೆನ್ನು ತೆಗೆದು, ಬೆಳ್ಳನೆಯ ದುಂಡಿನ ಅಂಚಿನಲ್ಲಿ ಸಣ್ಣ ಪೆಟ್ಟಿಗೆ ಎಳೆದು ಬರೆದೆ: ರೆವಿಷನ್ ಒಂದು. ಬರೆದವರು: ಶಶಿಕಲಾ. ಅವಳು ಕತ್ತು ಬಗ್ಗಿಸಿ ಓದಿದಳು. ಧೈರ್ಯ ಬಂದು ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಎಳೆದು "ಪರೀಕ್ಷಿಸಿದವರು" ಎಂದು ಬರೆದು ನನ್ನ ಹೆಸರಿನ ಮೊದಲ ಅಕ್ಷರ ಶುರು ಮಾಡಿದೆ.

ಅವಳು ಪೆನ್ನು ಕಸಿದುಕೊಂಡಳು. "ಅದು ಬೇಡ. ನಿಮಗೆ ಆಫ್‌ಸೈಡ್ ಇನ್ನೂ ಗೊತ್ತಿಲ್ಲ" ಎಂದು ಸಕ್ಕರೆ ಡಬ್ಬಿಯನ್ನು ಅದರ ಮೇಲೆ ಇಟ್ಟಳು.